ಉಲ್ಕಾನ್ ಎಜೆಯ ನಲವತ್ತು ದಿನ

ಬಿಷ್ಕೆಕ್‌ನ ಆ ಆರು ಜನರ ಆಫೀಸಿನಲ್ಲಿ ಉಲ್ಕಾನ್ ಹ್ಞೂಂ ಎನ್ನದೆ ಒಂದು ಪ್ಲಗಿನ್ ಕೂಡ, ಅಂದರೆ ಪುಟ್ಟ ಸೇರ್ಪಡೆಯ ಪ್ರೋಗ್ರಾಂ ಕೂಡ, ಕೋಡ್ ಬರೆಯುವ ಯಾರ ಎಡಿಟರ್‌ನೊಳಗೂ ಕಾಲಿಡುವಂತಿರಲಿಲ್ಲ. ಇಪ್ಪತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿ, ಆಮೇಲೆ ಕೋಡ್ ಬರೆಯಲು ಕೂತ ಹೆಂಗಸು ಆಕೆ. ಎಲ್ಲರಿಗೂ ಎಜೆ, ಅಂದರೆ ಅಕ್ಕ. ಆವರಣ ಚಿಹ್ನೆ ಮುಚ್ಚುವ ಪ್ಲಗಿನ್ ಇರಲಿ, ಸಾಲಿಗೆ ಬಣ್ಣ ಹಚ್ಚುವುದೇ ಇರಲಿ, ಮೊದಲು ಮೂಲೆಯ ಹಳೆ ಲ್ಯಾಪ್‌ಟಾಪಿನಲ್ಲಿ ನಲವತ್ತು ದಿನ ಕಳೆಯಬೇಕು. ಹಸುಗೂಸನ್ನು ನಲವತ್ತು ದಿನ ಹೊರಗಿನವರಿಗೆ ತೋರಿಸದ ಕಿರ್ಗಿಜ್ ಜನರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಆಫೀಸಿನ ಯಜಮಾನ ತುರಾತ್ ಕೆಣಕುತ್ತಿದ್ದ.

“ಎಜೆ, ಇದಕ್ಕೊಂದು ತೊಟ್ಟಿಲೂ ಕಟ್ಟೋಣ್ವಾ?”

“ಕಟ್ಟು. ನೀನೇ ತೂಗು.”

ಗೋಡೆಯ ಪಟ್ಟಿಯಲ್ಲಿ ಪ್ರತಿ ಪ್ಲಗಿನ್ ಎದುರಿಗೂ ಅದರ ನಲವತ್ತು ದಿನ ಶುರುವಾದ ದಿನಾಂಕವಿತ್ತು. ಒಂದರ ಎದುರು ಮಾತ್ರ ‘ನಮ್ಮ ಹುಡುಗ’ ಎಂದಷ್ಟೇ. ಕಿರ್ಗಿಜ್ ಕಾಗುಣಿತ ತಿದ್ದುವ ಆ ಪ್ಲಗಿನ್ ಶಾಲೆಯಲ್ಲಿ ಆಕೆಯ ಶಿಷ್ಯನಾಗಿದ್ದ ಬೆಕ್ತೆನ್ ಬರೆದದ್ದು. ಶಿಷ್ಯನನ್ನು ಬಾಗಿಲಲ್ಲಿ ನಿಲ್ಲಿಸುವುದುಂಟೇ ಎಂದು ತಿಂಗಳ ಹಿಂದೆ ಅದಕ್ಕೆ ನಲವತ್ತು ದಿನವನ್ನು ಮಾಫಿ ಮಾಡಿದ್ದಳು.

ಮಂಗಳವಾರ ಬೆಳಿಗ್ಗೆ ಫೈಲೊಂದನ್ನು ಉಳಿಸಿದಾಗ ಎಡಿಟರ್ ಒಂದು ಕ್ಷಣ ತಡವರಿಸಿತು. ಆಕೆಗೆ ಯಾಕೋ ಸರಿಬರಲಿಲ್ಲ. ಇನ್ನೊಮ್ಮೆ ಉಳಿಸಿ, ಯಂತ್ರದಿಂದ ಹೊರಗೆ ಏನು ಹೋಗುತ್ತಿದೆಯೆಂದು ನೋಡಿದಳು. ಬೆಕ್ತೆನ್‌ನ ಪ್ಲಗಿನ್ ಆ ಫೈಲಿನ ಪ್ರತಿಯನ್ನು ಗುರುತಿಲ್ಲದ ಯಾವುದೋ ವಿಳಾಸಕ್ಕೆ ಕಳಿಸುತ್ತಿತ್ತು. ಫೈಲಿನಲ್ಲಿದ್ದವು ಊರಿನ ಆಂಬ್ಯುಲೆನ್ಸ್ ಕರೆಗಳನ್ನು ಹಂಚಲು ಈ ಆಫೀಸು ನಡೆಸುತ್ತಿದ್ದ ಸರ್ವರಿನ ಗುಪ್ತ ಕೀಲಿಗಳು.

“ಎಲ್ರೂ ಕೇಬಲ್ ಕೀಳ್ರಿ! ಈಗ್ಲೇ!”

ಕೂಡಲೇ ಶಿಷ್ಯನಿಗೆ ಫೋನ್ ಮಾಡಿದಳು. “ಬೆಕ್ತೆನ್, ನಿನ್ ಪ್ಲಗಿನ್‌ಗೆ ಏನೋ ಮಾಡಿದೆ?”

“ಅದಾ ಎಜೆ? ನಂಗೆ ಪುರುಸೊತ್ತೇ ಇರ್ಲಿಲ್ಲ. ನಾವು ನೋಡ್ಕೋತೀವಿ ಅಂತ ಯಾರೋ ಬರೆದಿದ್ರು, ಹೋದ್ ವಾರ ಅವ್ರಿಗೇ ಒಪ್ಪಿಸ್ಬಿಟ್ಟೆ. ಯಾಕೆ?”

ಆ ಯಾರೋ ಬದಲಿಸಿದ ಪ್ಲಗಿನ್ ತಾನಾಗೇ ಆಫೀಸಿನ ಯಂತ್ರಗಳಿಗೆಲ್ಲ ಇಳಿದಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತ್ತು. ಕೀಲಿ ಬದಲಿಸಲೇಬೇಕು, ಬದಲಿಸುವಷ್ಟು ಹೊತ್ತು, ಹನ್ನೊಂದು ನಿಮಿಷ, ಸರ್ವರ್ ನಿಲ್ಲುತ್ತದೆ. ಕರೆಗಳನ್ನು ಕಾಗದದಲ್ಲಿ ಬರೆದುಕೊಳ್ಳಿ ಎಂದು ತುರಾತ್ ಆಂಬ್ಯುಲೆನ್ಸ್‌ನವರಿಗೆ ಹೇಳಿ ಫೋನಿಟ್ಟ.

“ಇದನ್ನ ಒಳಗೆ ಬಿಟ್ಟೋರು ಯಾರು?”

“ನಾನೇ. ಕಾಯಿಸ್ದೆ ಬಿಟ್ಟೆ.”

ತುರಾತ್ ಗೋಡೆಯ ಪಟ್ಟಿ ನೋಡಿ, ಗಡಿಯಾರದತ್ತ ತಿರುಗಿದ. ಬೈದಿದ್ದರೆ ವಾಸಿಯಿತ್ತು ಎನಿಸಿತು ಆಕೆಗೆ.

ಆ ಪ್ಲಗಿನ್ ಸೋಕದ ಯಂತ್ರ ಒಂದೇ, ಮೂಲೆಯ ಹಳೆ ಲ್ಯಾಪ್‌ಟಾಪ್. ಅದಕ್ಕೆ ಮಾತ್ರ ಮತ್ತೆ ಕೇಬಲ್ ಸಿಕ್ಕಿಸಿ, ಮುಂದೆ ಕೂತು, ಒಂದೊಂದೇ ಕೀಲಿ ಬದಲಿಸಿದಳು. ಯಾವ ಮನೆಯಲ್ಲಿ ಯಾರು ಉಸಿರಿಗೆ ಒದ್ದಾಡುತ್ತಿದ್ದಾರೋ! ಹನ್ನೆರಡನೇ ನಿಮಿಷಕ್ಕೆ ಕರೆಗಳು ಮತ್ತೆ ಹರಿದವು. ಸರ್ವರಿನ ದಾಖಲೆಯನ್ನು ಮೂರು ಸಲ ಓದಿದಳು. ಕಳ್ಳ ಕೀಲಿಗಳನ್ನು ಒಯ್ದಿದ್ದ, ಆದರೆ ಬಾಗಿಲು ಇನ್ನೂ ತೆರೆದಿರಲಿಲ್ಲ.

ಸಂಜೆ ಬೆಕ್ತೆನ್ ಮುಖ ಇಳಿಬಿಟ್ಟುಕೊಂಡು ಬಂದ. “ಎಜೆ, ನನ್ ಹಳೇ ಕೋಡನ್ನೇ ಬೇರೆ ಹೆಸರಲ್ಲಿ ಹಾಕಿದೀನಿ. ಇನ್ಯಾರ್ಗೂ ಕೊಡಲ್ಲ. ಹಾಕ್ಕೊಳ್ಳಿ.”

ಆಕೆ ಚಹಾ ಬಗ್ಗಿಸಿ, ರೊಟ್ಟಿ ಮುರಿದು ಅವನ ಮುಂದಿಟ್ಟಳು. ಹೊಸ ಪ್ಲಗಿನ್ನನ್ನು ಹಳೆ ಲ್ಯಾಪ್‌ಟಾಪಿಗೆ ಹಾಕಿದಳು. ಗೋಡೆಯ ಮೇಲಿನ ‘ನಮ್ಮ ಹುಡುಗ’ ಎಂಬುದನ್ನು ಅಳಿಸದೆ, ಪಕ್ಕದಲ್ಲೇ ಅಂದಿನ ದಿನಾಂಕ ಬರೆದಳು.

ಅವನು ಆ ದಿನಾಂಕ ನೋಡಿದ. “ನಾನೂ ಹೊರಗಿನವನಾ ಎಜೆ?”

“ಅಲ್ಲ ಕಣೋ. ಹೊರಗಿನ್ ಮಗೂಗೆ ಯಾರಾದ್ರೂ ನಲವತ್ ದಿನ ಕಾಯ್ತಾರಾ?”