ಗಿಣ್ಣು ಹಂಚಿದ ಮರುದಿನ

ನಮ್ಮ ತಂದೆಯವರಿಗೆ ನಂತೂರಿನಲ್ಲಿ ಸಣ್ಣ ಹೋಟೆಲಿತ್ತು. ಲಾರಿಯವರು ಅಲ್ಲಿ ಇಳಿಯುತ್ತಿದ್ದುದು ಚಹಾಕ್ಕೆ. ಚಹಾಕ್ಕೆ ರುಚಿ ಬಂದದ್ದು ಬಿಕರ್ನಕಟ್ಟೆಯ ನಮ್ಮ ಮನೆಯ ದನದ ಹಟ್ಟಿಯಲ್ಲಿದ್ದ ಜೆರ್ಸಿ ದನದಿಂದ. ಎಪ್ಪತ್ತರ ದಶಕದ ಕೊನೆಗೆ ಜೆರ್ಸಿ ಸಾಕುವುದೆಂದರೆ ಕಾರು ಇಟ್ಟುಕೊಂಡಷ್ಟೇ ಜಂಬ. ಜಂಬ ತಂದೆಯದು, ಹಾಲು ಕರೆಯುವ ಕೆಲಸ ಅಮ್ಮನದು.

ದನ ಕರು ಹಾಕಿದರೆ ಗಿಣ್ಣುಹಾಲನ್ನು ನೆರೆಕರೆಗೆ ಹಂಚಬೇಕು. ಹಿಂದೆ ಊರ ತಳಿಯ ದನ ಇದ್ದಾಗ ಎರಡು ಮನೆಗೆ ಕೊಡುವಷ್ಟರಲ್ಲಿ ಚೊಂಬು ಖಾಲಿ. ಜೆರ್ಸಿ ಕರು ಹಾಕಿದಾಗ ಅಮ್ಮ ಕೊನೆಯ ಹನಿಯವರೆಗೆ ಕರೆದು, ಆಚೆಮನೆಯ ಬ್ಯಾರಿಗಳಿಂದ ಹಿಡಿದು ರಸ್ತೆಯ ತುದಿಯವರೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ದನ ಕುತ್ತಿಗೆ ಮಡಚಿ ಬಿದ್ದಿತ್ತು. ಕಿವಿ ತಣ್ಣಗಿತ್ತು.

ಅಮ್ಮ ದೃಷ್ಟಿಯೆಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಆ ಲೆಕ್ಕದಲ್ಲಿ ಗಿಣ್ಣು ತಿಂದವರೆಲ್ಲ ಆರೋಪಿಗಳು.

ಪಶುವೈದ್ಯರು ಬಂದು ನಕ್ಕರು. "ದೃಷ್ಟಿ ಅಲ್ಲಮ್ಮ. ರಕ್ತದ ಕ್ಯಾಲ್ಸಿಯಂ ಎಲ್ಲ ಹಾಲಿಗೆ ಹೋಗಿದೆ. ಈ ಜಾತಿ ದನ ತನಗೆ ಉಂಟಾ ಇಲ್ವಾ ಅಂತ ನೋಡುದಿಲ್ಲ, ಹಾಲಿಗೇ ಕೊಡ್ತದೆ. ಸುರುವಿಗೆ ಪೂರ್ತಿ ಕರೀಬೇಡಿ."

ನರಕ್ಕೆ ಹಾಕಿದ ಕ್ಯಾಲ್ಸಿಯಂ ಬಾಟಲಿ ಇಳಿಯುತ್ತಿದ್ದಂತೆ ದನ ನಡುಗಿ, ತೇಗಿ, ಸೆಗಣಿ ಹಾಕಿ ಎದ್ದು ನಿಂತಿತು. ನನಗೆ ಅಳು ಬಂತು.

ಆಮೇಲೆ ಅಮ್ಮ ಗಿಣ್ಣು ಹಂಚುವುದನ್ನೇ ಬಿಟ್ಟು ಜಿಪುಣಿ ಎನ್ನಿಸಿಕೊಂಡರು. ಆದರೂ ಪ್ರತಿ ಸಲ ಕರು ಹಾಕಿದಾಗ ದನ ಬಿತ್ತು. ಎಷ್ಟು ಹಿಂಡಿ, ಬೂಸ ಇಟ್ಟರೂ ಮೈ ಹಿಡಿಯಲಿಲ್ಲ. ತಿಂದದ್ದೆಲ್ಲ ಕೆಚ್ಚಲಿಗೇ ಹೋಯಿತು. ಬೆನ್ನಿನ ಮೂಳೆ ಎದ್ದು, ಎಂಟು ವರ್ಷಕ್ಕೇ ಮುದಿಯಾಯಿತು. ಆ ಪ್ರಾಯದಲ್ಲಿ ಪಡೀಲಿನ ಚಿಕ್ಕಮ್ಮನ ಮನೆಯ ಊರ ತಳಿಯ ದನ ಬೇಲಿ ಹಾರಿ ಪಕ್ಕದವರ ಹರಿವೆ ತಿನ್ನುತ್ತಿತ್ತು. ಇನ್ನೊಂದು ಕರು ಹಾಕಿದರೆ ಇದು ಏಳಲಿಕ್ಕಿಲ್ಲ ಎಂದು ವೈದ್ಯರು ಹೇಳಿಹೋದರು.

ಆದರೂ ದನ ಬೆದೆಗೆ ಬಂದದ್ದೇ ತಡ, ತಂದೆ ಗಬ್ಬ ಕಟ್ಟಿಸುವ ಇಂಜೆಕ್ಷನಿನವರನ್ನು ಕರೆಸಿದರು. ಅಮ್ಮ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತರು.

"ಇನ್ನು ಬೇಡ."

"ಎಂತ ಮಾರಾಯ್ತಿ, ಕರು ಇಲ್ಲದೆ ಹಾಲು ಎಲ್ಲಿಂದ? ಹಾಲು ಕೊಡದ ದನವನ್ನು ಸಾಕುದು ಎಂತಕ್ಕೆ?"

ಆರು ಮಕ್ಕಳನ್ನು ಹೆತ್ತ ಅಮ್ಮ ದನಿ ಏರಿಸಲೇ ಇಲ್ಲ. "ನನ್ನ ಹಾಲು ನಿಂತು ಎಷ್ಟು ವರ್ಷ ಆಯ್ತು? ನೀವು ನನಗೆ ಅನ್ನ ಹಾಕ್ತಾ ಇಲ್ವಾ?"

ಇಂಜೆಕ್ಷನಿನವರು ನೆಲ ನೋಡುತ್ತ ಚೀಲ ಎತ್ತಿಕೊಂಡರು. ತಂದೆ ತುಂಬ ಹೊತ್ತು ದನದ ಬೆನ್ನು ಸವರಿದರು. "ಇದರ ಹಾಲು ಬತ್ತಿದ ಮೇಲೆ ಹೋಟೆಲಿಗೆ ಡೈರಿಯದ್ದು ತರಿಸುವ," ಎಂದರು.