ದೀಪದ ಪುಸ್ತಕಗಳ ತಿಮ್ಮರಾಯಪ್ಪ

ಹುಟ್ಟುವ ಸೂರ್ಯನಿಗೆ ದಿನವೂ ಬೆನ್ನು ತೋರಿಸಿ ನಿಲ್ಲುತ್ತಿದ್ದವರು, ನಾನು ಕಂಡಂತೆ, ತಿಮ್ಮರಾಯಪ್ಪನವರೊಬ್ಬರೇ. ಹೊಸೂರಿನ ಹೊರಗೆ ಬಯಲಿನಲ್ಲಿದ್ದ ನಮ್ಮ ಪುಟ್ಟ ವೀಕ್ಷಣಾ ಕೇಂದ್ರಕ್ಕೆ ಬೆಳಕು ಹರಿಯುವ ಹೊತ್ತಿಗೆ ಬಂದು, ಆಳುದ್ದದ ಯಂತ್ರವನ್ನು ಗಾಲಿಮೇಜಿನ ಮೇಲೆ ಅಂಗಳಕ್ಕೆ ತಳ್ಳಿ, ನೆತ್ತಿಯ ಮೇಲಿನ ಆಕಾಶವನ್ನೇ ನೋಡುತ್ತಿದ್ದರು. ಅಲ್ಲೊಂದು ತುಂಡು ಮೋಡ ಕಂಡರೆ ಮುಗಿಯಿತು, ಮಧ್ಯಾಹ್ನದವರೆಗೆ ಯಾರೊಡನೆಯೂ ಮಾತಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿಗೆ ಹಂಗಾಮಿ ಟೈಪಿಸ್ಟ್ ಆಗಿ ಸೇರಿದೆ. ಅವರು ಕೂಗುವ ಅಂಕಿಗಳನ್ನು ಬರೆದುಕೊಳ್ಳುವ ಕೆಲಸವೂ ನನ್ನ ತಲೆಗೇ ಬಂತು. ಮುಳ್ಳು ಸೊನ್ನೆಗೆ ಬರುವವರೆಗೆ ಅವರು ಡಯಲ್ ತಿರುಗಿಸುತ್ತಿದ್ದರು, ಅಂಕಿ ಹೇಳುತ್ತಿದ್ದರು, ಕೆಲವು ನಿಮಿಷ ಕಾದು ಮತ್ತೆ ತಿರುಗಿಸುತ್ತಿದ್ದರು. ಇದೆಲ್ಲ ಯಾತಕ್ಕೆ ಎಂದು ಮೊದಲ ವಾರವೇ ಕೇಳಿದ್ದೆ.

"ಸೂರ್ಯ ಕೆಳಗಿದ್ದಾಗ ನೆತ್ತಿಯಿಂದ ಬರೋ ಬೆಳಕು ಬಲು ಎತ್ತರದ ಸುದ್ದಿ ತತ್ತದೆ ಕಣಮ್ಮ. ಅವ್ನು ಮ್ಯಾಕೆ ಬಂದಂಗೆಲ್ಲ ಕೆಳಗಿನ ಸುದ್ದಿ. ಯಾವ ಎತ್ತರದಾಗೆ ಎಷ್ಟು ಓಜೋನ್ ಐತೆ ಅಂತ ಹಂಗೆ ತಿಳ್ಕೊಳ್ಳಾದು."

ಸಾನಮಾವು ಕಾಡಿನ ಪಕ್ಕದ ಹಳ್ಳಿಯಿಂದ ಸೈಕಲ್ ತುಳಿದು ಬರುತ್ತಿದ್ದರು. ಒಂದು ದಿನ ದಾರಿಯಲ್ಲಿ ಆನೆಗಳು ನಿಂತಿದ್ದವಂತೆ. ಸುತ್ತು ಹಾಕಿ ಬರುವಷ್ಟರಲ್ಲಿ ಬಿಸಿಲು ಬಿದ್ದಿತ್ತು. ಅಳತೆಯ ಪುಸ್ತಕದಲ್ಲಿ ಆ ದಿನದ ಮೊದಲ ನಾಲ್ಕು ಅಂಕಿಗಳ ಜಾಗವನ್ನು ಖಾಲಿ ಬಿಡಿಸಿ, ಎದುರಿಗೆ 'ಆನೆ' ಎಂದು ಬರೆಸಿದರು. ನಮ್ಮ ಅಧಿಕಾರಿ ಅದನ್ನು ನೋಡಿ ಕೆಂಡವಾದರು.

"ಹೆಡ್ಡಾಫೀಸಿನವರು ನಗೋದಿಲ್ಲವೇನ್ರೀ? ನಿನ್ನೆಯದನ್ನು ನೋಡಿ ಅಂದಾಜಿಗೆ ತುಂಬಿ."

"ನಾನು ನೋಡ್ದೆ ಇರೋದ್ನ ಹೆಂಗ್ ಬರೀಲಿ ಸಾರ್?"

ತುಂಬಲಿಲ್ಲ. ಅಂದಿನಿಂದ ಅಧಿಕಾರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಯಂತ್ರಕ್ಕಿಂತ ಹೆಚ್ಚಾಗಿ ಅವರು ಜೋಪಾನ ಮಾಡುತ್ತಿದ್ದುದು ದೀಪದ ಪುಸ್ತಕಗಳನ್ನು. ತಿಂಗಳಿಗೊಮ್ಮೆ ಯಂತ್ರದ ಬಾಯಿಗೆ ಬೆಳಕು ಇಷ್ಟೇ ಎಂದು ಗೊತ್ತಿರುವ ಒಂದು ದೀಪ ಇಟ್ಟು, ಯಂತ್ರ ಎಷ್ಟು ತೋರಿಸುತ್ತದೆಂದು ಬರೆದಿಡುವ ಪುಸ್ತಕಗಳು. ವರ್ಷಕ್ಕೊಂದರಂತೆ ಬೀರುವಿನಲ್ಲಿ ಸಾಲಾಗಿದ್ದವು. "ಮಿಷನ್ನೂ ಮುದುಕ ಆಯ್ತದೆ. ಇದ್ರ ಕಣ್ಣೇ ಮಂಜಾಯ್ತೋ, ಮ್ಯಾಲೆ ಓಜೋನೇ ಕಮ್ಮಿ ಆಯ್ತೋ? ಅದ್ನ ಹೇಳಾಕೆ ಈ ಪುಸ್ತ್ಕ ಬಿಟ್ರೆ ಇನ್ಯಾರೂ ಇಲ್ಲ" ಎನ್ನುತ್ತಿದ್ದರು.

ಅತಿ ಎತ್ತರದ ಪದರದಲ್ಲಿ ಓಜೋನ್ ನಿಧಾನವಾಗಿ ಇಳಿಯುತ್ತಿದೆ ಎಂಬ ಅನುಮಾನ ಅವರಿಗೆ ಹುಟ್ಟಿ ಎರಡು ಮೂರು ವರ್ಷವಾಗಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಎಲ್ಲೋ ದೂರ ದೇಶದಲ್ಲಿ ಜ್ವಾಲಾಮುಖಿ ಸಿಡಿಯಿತು. ನಮ್ಮ ಸಂಜೆಗಳು ನೇರಳೆ ಬಣ್ಣಕ್ಕೆ ತಿರುಗಿದವು, ಮೇಲಿನ ಪದರದ ಅಂಕಿಗಳು ಧಡಕ್ಕನೆ ಕುಸಿದವು. "ನೀವು ಹೇಳಿದ್ದೇ ನಿಜವಾಯಿತಲ್ಲ ಸಾರ್" ಎಂದು ನಾನು ಹಿಗ್ಗಿದೆ. ಅವರು ಕೆಂಪು ಶಾಯಿಯಲ್ಲಿ ಆ ತಿಂಗಳುಗಳ ಮೇಲೆಲ್ಲ 'ನಂಬಬಾರದು' ಎಂದು ಬರೆದರು. "ಧೂಳು ಬೆಳಕನ್ನ ಕೆಡಿಸ್ತದೆ ಕಣಮ್ಮ. ನಮ್ಗೆ ಬೇಕಾದಂಗೆ ಬಂತು ಅಂತ ತಗೊಂಡ್ರೆ ನಾವೂ ಸುಳ್ಳರೇ."

ಧೂಳಿನ ತಿಂಗಳುಗಳನ್ನು ಬಿಟ್ಟು, ದೀಪದ ತಿದ್ದುಪಡಿ ಸೇರಿಸಿ, ವರ್ಷವೆಲ್ಲ ಕೂತು ಲೆಕ್ಕ ಹಾಕಿದರು. ಇಳಿಕೆ ಚಿಕ್ಕದು, ಆದರೂ ಇತ್ತು. ಎರಡು ಪುಟದ ಟಿಪ್ಪಣಿ ಬರೆದು ಅಧಿಕಾರಿಯ ಮುಂದಿಟ್ಟರು.

"ಎಸ್ಸೆಸ್ಸೆಲ್ಸಿ ಓದಿದವರು ಆಕಾಶಕ್ಕೇ ತೀರ್ಪು ಕೊಡ್ತೀರೋ? ಯಂತ್ರ ಹಳೇದು, ಅಷ್ಟೇ" ಎಂದು ಅಧಿಕಾರಿ ಟಿಪ್ಪಣಿಯನ್ನು ಡ್ರಾಯರಿಗೆ ತಳ್ಳಿದರು. ತಿಂಗಳೊಳಗೆ ತಿಮ್ಮರಾಯಪ್ಪನವರಿಗೆ ಕೃಷ್ಣಗಿರಿಯ ಉಗ್ರಾಣಕ್ಕೆ ವರ್ಗವಾಯಿತು. ಅಲ್ಲಿ ಅವರ ಕೆಲಸ ಒಡೆದ ಮಳೆಮಾಪಕಗಳನ್ನು ಕಾಯುವುದು.

ಮುಂದಿನ ಬೇಸಿಗೆಯಲ್ಲಿ ಕೇಂದ್ರದ ಕೋಣೆಗಳನ್ನು ಖಾಲಿ ಮಾಡಿಸಿದರು. ಎಸೆಯುವ ಕಾಗದಗಳ ಪಟ್ಟಿ ಟೈಪಿಗೆ ಬಂತು. ನಡುವೆ ಒಂದು ಸಾಲು: ಹಳೆಯ ದೀಪದ ಪುಸ್ತಕಗಳು.

"ಸಾರ್, ಇವು ಬೇಕಾಗಬಹುದು…"

"ರೀಡಿಂಗ್ ಎಲ್ಲ ಹೆಡ್ಡಾಫೀಸಿಗೆ ಹೋಗಿದೆಯಲ್ಲಮ್ಮ. ದೀಪದ್ದು ಯಾರಿಗೆ ಬೇಕು? ಟೈಪ್ ಮಾಡಿ."

ನನ್ನನ್ನು ಕಾಯಂ ಮಾಡುವ ಕಡತ ಅದೇ ಮೇಜಿನ ಮೇಲಿತ್ತು, ಸಹಿಗೆ ಕಾಯುತ್ತಿತ್ತು. ನಾನು ಟೈಪ್ ಮಾಡಿದೆ. ಎರಡು ದಿನ ಬಿಟ್ಟು ಲಾರಿ ಬಂತು.

ದಕ್ಷಿಣ ಧ್ರುವದ ಮೇಲೆ ಓಜೋನ್ ತೆಳುವಾಗಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಹಳೆಯ ಅಳತೆಗಳಿಗೆ ಬೆಲೆ ಬಂತು. ಹೆಡ್ಡಾಫೀಸಿನಿಂದ ತಜ್ಞರೊಬ್ಬರು ಬಂದು ಕೇಂದ್ರದಲ್ಲೇ ಉಳಿದಿದ್ದ ಮೂಲ ಅಳತೆಯ ಪುಸ್ತಕಗಳನ್ನು ಮೂರು ದಿನ ತಿರುವಿದರು. 'ಆನೆ' ಎಂದಿದ್ದಲ್ಲಿ ನಕ್ಕು, "ಇಷ್ಟು ಪ್ರಾಮಾಣಿಕ ದಾಖಲೆ ನಾನು ನೋಡಿಲ್ಲ" ಎಂದರು. ಆಮೇಲೆ ದೀಪದ ಪುಸ್ತಕ ಕೇಳಿದರು. ಅಧಿಕಾರಿ ಬಡ್ತಿ ಪಡೆದು ಹೋಗಿಯಾಗಿತ್ತು. ಉತ್ತರ ಹೇಳಬೇಕಾದವಳು ನಾನೇ. ತಜ್ಞರು ಪೆನ್ನಿಗೆ ಮುಚ್ಚಳ ಹಾಕಿದರು. ದೀರ್ಘಕಾಲದ ಬದಲಾವಣೆ ತಿಳಿಯಲು ಈ ಅಳತೆಗಳು ಉಪಯೋಗಕ್ಕೆ ಬಾರವೆಂದು ಆಮೇಲೆ ಒಂದೇ ಸಾಲಿನ ಪತ್ರ ಬಂತು.

ತಿಮ್ಮರಾಯಪ್ಪನವರು ನಿವೃತ್ತರಾಗಿ ಅವಲಪಲ್ಲಿಯಲ್ಲಿ ಮನೆ ಮಾಡಿದ್ದರು. ಬೇರೆಯವರಿಂದ ತಿಳಿಯುವುದು ಬೇಡವೆಂದು ಒಂದು ಭಾನುವಾರ ನಾನೇ ಹೋದೆ. "ಬಾಮ್ಮ, ಬಾ" ಎಂದು ಸಂಭ್ರಮದಿಂದ ಕೂರಿಸಿ, ಹೆಂಡತಿಗೆ ಕಾಫಿ ಇಡಲು ಹೇಳಿದರು. ಎಸೆಯುವ ಪಟ್ಟಿ, ಲಾರಿ, ತಜ್ಞರ ಪತ್ರದ ಬಗ್ಗೆ ಹೇಳಿದೆ.

"ಆ ಪಟ್ಟಿ ಟೈಪ್ ಮಾಡ್ದೋರು ಯಾರು?"

"ನಾನೇ ಸಾರ್."

"ನೀನು ಟೈಪ್ ಮಾಡ್ದಿದ್ರೆ ಇನ್ನೊಬ್ರು ಮಾಡೋರು, ಬುಡು." ಅವರ ದನಿ ಏರಲಿಲ್ಲ. "ನಂಗೊಂದು ಕಾರ್ಡು ಬರೀಬೋದಾಗಿತ್ತಲ್ಲಮ್ಮ. ಕೃಷ್ಣಗಿರಿ ಏನು ದೂರವಾ? ಬಸ್ಸತ್ತಿ ಬಂದು ತಲೆ ಮ್ಯಾಲೆ ಹೊತ್ಕೊಂಡೋಯ್ತಿದ್ದೆ."

ನನಗೆ ಅದು ಹೊಳೆದೇ ಇರಲಿಲ್ಲ ಎಂದರೆ ಸುಳ್ಳಾಗುತ್ತಿತ್ತು. ಆ ಎರಡು ದಿನವೂ ಹೊಳೆದಿತ್ತು.

ಅವರ ಹೆಂಡತಿ ಲೋಟ ಹಿಡಿದು ಬಾಗಿಲಿಗೆ ಬಂದರು. ತಿಮ್ಮರಾಯಪ್ಪನವರು ನನ್ನ ಕಡೆ ನೋಡದೆ ಕೈ ಅಡ್ಡ ಮಾಡಿದರು.

"ಕಾಫಿ ಒಳಕ್ಕೆ ತಗೊಂಡೋಗು. ಅವ್ರು ಹೊರಟ್ರು."