ಕ್ಯಾಮೆರಾ ಕೊಟ್ಟ ಬಲಗೈ

ನಮ್ಮ ಮನೆಯವರದು ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ. ಹಾಗಾಗಿ ಅಜ್ಜಂಪುರದ ನಮ್ಮ ಮನೆಯಲ್ಲಿ ಏನು ಬೇಕೆಂದರೂ ಅದು ಪೈಪಿನಿಂದಲೇ ಹುಟ್ಟುತ್ತದೆ. ಬಟ್ಟೆ ಒಣಹಾಕುವ ಸ್ಟ್ಯಾಂಡು, ಹೂವಿನ ಬಳ್ಳಿಗೆ ಚಪ್ಪರ, ಈಗ ನನ್ನ ಸ್ಟುಡಿಯೋ. ಸೀರೆಗೆ ಕುಚ್ಚು ಹಾಕುವುದನ್ನು ಆನ್‌ಲೈನಿನಲ್ಲಿ ಕಲಿಸಬೇಕು, ಮೇಲಿನಿಂದ ಫೋನು ಹಿಡಿದುಕೊಳ್ಳುವಂಥದ್ದು ಏನಾದರೂ ಮಾಡಿಕೊಡಿ ಎಂದೆ. ಸಂಜೆಯ ಹೊತ್ತಿಗೆ ಮೇಜಿನ ಎರಡೂ ಬದಿಗೆ ಪೈಪಿನ ಕಾಲು ನಿಂತು, ಅಡ್ಡಪೈಪಿಗೆ ಫೋನು ಕಚ್ಚಿಕೊಂಡಿತ್ತು. ಬಾವಿ ರಾಟೆ ಇದ್ದಂಗೈತೆ ಎಂದು ರೇಗಿಸಿದೆ. "ನೀರು ಸೇದು ಮತ್ತೆ" ಎಂದು ಅವರು ಅಂಗಡಿಗೆ ಹೋದರು.

ರಾಗಿ ಮೂಟೆ ಇಡುವ ಹಿಂದಿನ ಕೋಣೆಯೇ ಸ್ಟುಡಿಯೋ. ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತಿತ್ತು. ಎರಡು ಕಂಬಳಿ ಇಳಿಬಿಟ್ಟೆ, ಸುಮ್ಮನಾಯಿತು. ಬಲ್ಬಿನ ಬೆಳಕು ಜರಿಯ ಮೇಲೆ ಕಣ್ಣಿಗೆ ಹೊಡೆಯುತ್ತಿತ್ತು. ಹಳೇ ಪಂಚೆಯೊಂದನ್ನು ಅಡ್ಡ ಕಟ್ಟಿದೆ. ಮನೆಯ ಹತ್ತಿರವೇ ಹಾಯುವ ರೈಲಿಗೆ ಮಾತ್ರ ಏನೂ ಮಾಡಲಾಗಲಿಲ್ಲ. ಅದು ಬಂದಾಗ ಬಾಯಿ ಮುಚ್ಚಿಕೊಂಡು ಕೂರುವುದು, ಹೋದ ಮೇಲೆ ಬಿಟ್ಟಲ್ಲಿಂದ ಹೇಳುವುದು.

ಮೊದಲು ತೆಗೆದ ವಿಡಿಯೋವನ್ನು ಟಿವಿಗೆ ಹಾಕಿ ನೋಡಿದೆ. ನೋಡಿದವಳು ಕೂತಲ್ಲೇ ಕೂತೆ. ಟಿವಿಯ ತುಂಬ ಒಂದು ಕೈ. ಕ್ರೋಶಾ ಕಡ್ಡಿಯ ಕೊಕ್ಕೆ ರೇಷ್ಮೆ ದಾರವನ್ನು ಹುಡುಕುವುದೇ ಇಲ್ಲ, ದಾರವೇ ಬಂದು ಅದಕ್ಕೆ ಸಿಗುತ್ತದೆ. ಕಿರುಬೆರಳು ತನ್ನಷ್ಟಕ್ಕೆ ಸೀರೆಯ ಅಂಚನ್ನು ಬಿಗಿ ಹಿಡಿದು, ಗಂಟು ಬಿದ್ದ ಕ್ಷಣ ಸಡಿಲ ಬಿಡುತ್ತದೆ. ಹಾಗೆ ಮಾಡು ಎಂದು ಅದಕ್ಕೆ ನಾನು ಯಾವತ್ತೂ ಹೇಳಿಕೊಟ್ಟಿಲ್ಲ. ಇಷ್ಟು ವರ್ಷ ನಾನು ನೋಡಿದ್ದು ದಾರವನ್ನು, ಕೈಯನ್ನು ನೋಡಿಯೇ ಇರಲಿಲ್ಲ. ನನ್ನದೇ ಮೈಯಲ್ಲಿ ಇಂಥದ್ದೊಂದು ಇತ್ತೇ ಎಂದು ದೇವರ ಮುಂದೆ ನಿಂತಾಗ ಆಗುವಂಥ ಭಯವಾಯಿತು.

ಆಮೇಲೆ ಬೇರೆ ಭಯ ಬಂತು. ಟಿವಿಯಲ್ಲಿದ್ದದ್ದು ಎಡಗೈ.

ನಾನು ಹುಟ್ಟಾ ಎಡಚಿ. ನಮ್ಮ ಕಡೆ ಎಡಗೈಯಲ್ಲಿ ಕೊಡುವಂತಿಲ್ಲ, ಈಸಿಕೊಳ್ಳುವಂತಿಲ್ಲ, ದೇವರಿಗೆ ಹೂ ಕಟ್ಟುವಂತಿಲ್ಲ. ಚಿಕ್ಕವಳಿದ್ದಾಗ ಹೂ ಕಟ್ಟಲು ಕೂತರೆ ಅವ್ವ ನನ್ನ ಎಡಗೈಯನ್ನು ಹಳೇ ಸೀರೆಯ ಅಂಚಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳು. ಬಲಗೈಯೊಂದರಲ್ಲೇ ಕಟ್ಟಿದ ಮಾಲೆ ಎತ್ತಿದರೆ ಹೂವೆಲ್ಲ ಉದುರುತ್ತಿದ್ದವು. ಕೊನೆಗೆ ಅವಳಿಗೇ ಸಾಕಾಗಿ ಬಿಟ್ಟಳು. ಒಂದನ್ನು ಮಾತ್ರ ಬಿಡಲಿಲ್ಲ: ಏನು ಕೊಟ್ಟರೂ ನನ್ನ ಬಲಗೈಗೇ ಕೊಡುವುದು. ಇವತ್ತಿಗೂ ಕಾಫಿ ಲೋಟ ಹಿಡಿದು, ನಾನು ಬಲಗೈ ಚಾಚುವವರೆಗೆ ಕಾಯುತ್ತಾಳೆ.

ನನ್ನ ಹತ್ತಿರ ಬರುವುದು ಹೆಚ್ಚಾಗಿ ಧಾರೆ ಸೀರೆಗಳು. ಒಯ್ಯುವಾಗ "ನಿಮ್ ಕೈಗುಣ ಚೆನ್ನಾಗೈತೆ ಕಣ್ರೀ" ಅನ್ನುತ್ತಾರೆ. ಯಾವ ಕೈಯ ಗುಣ ಎಂದು ಅವರು ಕೇಳಿಲ್ಲ, ನಾನೂ ಹೇಳಿಲ್ಲ. ಮನೆಗೆ ಕಲಿಯಲು ಬರುವ ಹುಡುಗಿಯರು ಎದುರಿಗೆ ಕೂರುತ್ತಾರೆ. ಎದುರು ಕೂತವರಿಗೆ ನನ್ನ ಎಡಗೈ ಅವರ ಬಲಗೈಗೆ ಸರಿಯಾಗಿ ಹೊಂದುತ್ತದೆ, ಯಾರಿಗೂ ತೊಡಕಾಗಿಲ್ಲ. ಈಗ ಮೇಲಿನಿಂದ ನೋಡಿದರೆ ಬಚ್ಚಿಡಲು ಜಾಗವೇ ಇಲ್ಲ. ಮದುವೆ ಸೀರೆಗೆ ಎಡಗೈಯಾ ಎಂದು ಒಬ್ಬರು ಬರೆದರೆ ಸಾಕು, ಕೋರ್ಸೂ ಹೋಯಿತು, ಮನೆಗೆ ಬರುವ ಸೀರೆಗಳೂ ಹೋದವು. ನಾನು ಮತ್ತೆ ಬರೀ ಎಡಚಿ.

ದಾರಿ ತೋರಿಸಿದ್ದು ನನ್ನದೇ ಪೆದ್ದುತನ. ಮೇಲೆ ಕಟ್ಟಿದ ಫೋನಿನ ಪರದೆ ಸೂರಿನ ಕಡೆಗಿರುತ್ತದೆ. ಕೈ ಸರಿಯಾಗಿ ಕಾಣುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಫೋನನ್ನೇ ಮಗುಚಿ ಕಟ್ಟಿ, ಪರದೆ ನೋಡಿಕೊಳ್ಳುತ್ತ ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದೆ. ನನ್ನ ಫೋನಿನ ಆ ಕ್ಯಾಮೆರಾ ಕನ್ನಡಿಯ ಹಾಗೆ ಎಡವನ್ನು ಬಲ ಮಾಡುತ್ತದೆಂದು ನನಗೇನು ಗೊತ್ತು? ಟಿವಿಗೆ ಹಾಕಿದರೆ ಬಲಗೈ! ದಾರದ ಡಬ್ಬಿಯ ಅಕ್ಷರಗಳೆಲ್ಲ ಹಿಂದುಮುಂದಾಗಿದ್ದವು. ಮನೆಯವರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಡಬ್ಬಿಯನ್ನು ಮೇಜಿನಿಂದ ತೆಗೆದಿಟ್ಟು ಎಲ್ಲ ಪಾಠಗಳನ್ನೂ ಹಾಗೆಯೇ ತೆಗೆದೆ. ಅವ್ವನ ಕೈಯಲ್ಲಿ ಆಗದ್ದನ್ನು ಒಂದು ಫೋನು ಮಾಡಿತ್ತು.

ಅವುಗಳನ್ನು ಆನ್‌ಲೈನಿಗೆ ಹಾಕುವ ಮೊದಲು ಅವ್ವ ಪಂಚನಹಳ್ಳಿಯಿಂದ ಬಂದಳು, ಚೀಲದ ತುಂಬ ತೆಂಗಿನಕಾಯಿ ಹೊತ್ತು. ಖುಷಿಪಡುತ್ತಾಳೆಂದು ಟಿವಿ ಹಾಕಿ ಕೂರಿಸಿದೆ. ಅವಳು ಕಣ್ಣು ಮಿಟುಕಿಸದೆ ನೋಡಿದಳು.

"ಯಾರ್ದೇ ಈ ಕೈ?"

"ನಂದೇ ಕಣವ್ವ."

ಎದ್ದು ಟಿವಿಯ ಹತ್ತಿರ ಹೋಗಿ ಮಣಿಕಟ್ಟಿನ ಮೇಲೆ ಬೆರಳಿಟ್ಟಳು. "ಈ ಕಲೆ ಬಚ್ಚಲೊಲೆ ಮುಂದೆ ಸುಟ್ಕಂಡಿದ್ದು. ಎಣ್ಣೆ ಹಚ್ದೋಳು ನಾನು. ಎಡಗೈದು. ಬಲಗೈಗೆ ಯಾವಾಗ್ ಬಂತು?"

ಕ್ಯಾಮೆರಾದ ಆಟವನ್ನು ಹೇಳಿದೆ. ಜನ ಏನಾದರೂ ಅಂದಾರು ಅಂತ ಹೀಗೆ ಮಾಡಿದೆ ಎಂದೆ. ಅವಳು ಟಿವಿ ಬಿಟ್ಟು ನನ್ನ ಮುಖ ನೋಡಿದಳು.

"ನಾನ್ ಕಟ್ ಹಾಕಿದ್ದು ಸಾಲ್ದೇನೇ? ಈಗ ನೀನೇ ಕಟ್ಕತೀಯಾ?"

ಅವ್ವ ಅಳಿಯನಿಗೆ ಹೇಳಿ ಫೋನನ್ನು ಸರಿಯಾಗಿ ತಿರುಗಿಸಿ ಕಟ್ಟಿಸಿದಳು. ಅವರು ರೆಕಾರ್ಡಿಂಗ್ ಚಾಲೂ ಮಾಡಿಯೇ ಸ್ಟೂಲಿನಿಂದ ಕೆಳಗಿಳಿದರು. ನಾನು ಮೇಜಿನ ಮುಂದೆ ಕೂತೆ. ಕ್ರೋಶಾ ಕಡ್ಡಿ ಅವ್ವನ ಹತ್ತಿರವಿತ್ತು. ಕೊಡು ಎಂದು ಅಭ್ಯಾಸದಂತೆ ಬಲಗೈ ಚಾಚಿದೆ. ಅವಳು ಕೊಡಲಿಲ್ಲ, ಕಡ್ಡಿ ಹಿಡಿದು ಕಾಯುತ್ತ ನಿಂತಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎಡಗೈ ಚಾಚಿದೆ. ಅವ್ವ ಕಡ್ಡಿಯನ್ನು ಅದರೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, "ಹ್ಞೂಂ, ಹಾಕು" ಎಂದು ರಾಗಿ ಮೂಟೆಯ ಮೇಲೆ ಹೋಗಿ ಕೂತಳು.

ಬಲಗೈಯವರಿಗೆ ಸುಲಭವಾಗಲೆಂದು ತಿರುಗಿಸಿದ ಪಾಠಗಳನ್ನೂ ಜೊತೆಗಿಟ್ಟಿದ್ದೇನೆ, ಇದು ತಿರುಗಿಸಿದ್ದು ಎಂದು ಹೇಳಿಯೇ. ಆದರೆ ಕೋರ್ಸು ಶುರುವಾಗುವುದು ಆ ದಿನದ ವಿಡಿಯೋದಿಂದ. ಅದರಲ್ಲಿ ಮೊದಲು ಕಾಣುವುದು ಹಸಿರು ಬಳೆ ತೊಟ್ಟ ಒಂದು ಮುದಿ ಕೈ. ಅದು ನನ್ನ ಎಡಗೈಗೆ ಕಡ್ಡಿ ಕೊಡುತ್ತದೆ. ಆ ತುಣುಕನ್ನು ಕತ್ತರಿಸಿ ತೆಗೆಯಲು ನನಗೆ ಕೈ ಬರಲಿಲ್ಲ.